ನಿದ್ದೆ ಹತ್ತದ ಐದು ಲ್ಯಾಪ್‌ಟಾಪ್‌ಗಳು: ಗಡಿನಾಡಿನ ಒಂದು ಗ್ರಂಥಾಲಯದ ಪ್ರಕರಣ

ಕಾಸರಗೋಡು ಜಿಲ್ಲೆಯ ಮೂಡು ದಿಕ್ಕಿಗೆ, ಕರ್ನಾಟಕದ ಗಡಿಗೆ ತಾಗಿಕೊಂಡ ಒಂದು ಊರಿನ ಗ್ರಂಥಾಲಯದಲ್ಲಿ ನಡೆದದ್ದು ಇದು. ಊರಿನ ಹೆಸರು, ಜನರ ಹೆಸರು, ಲ್ಯಾಪ್‌ಟಾಪ್ ತಯಾರಿಸಿದ ಕಂಪೆನಿಯ ಹೆಸರು ಬಿಟ್ಟಿದ್ದೇನೆ. ಅಂಕಿಗಳು ಮಾತ್ರ ನಾವು ದಿನವೂ ಬರೆದಿಟ್ಟ ನೋಟ್‌ಪುಸ್ತಕದಲ್ಲಿ ಇದ್ದ ಹಾಗೆಯೇ ಇವೆ. ಹಳೆಯ ಲ್ಯಾಪ್‌ಟಾಪ್‌ಗಳನ್ನು ಶಾಲೆಯಲ್ಲೋ ಸಂಘದಲ್ಲೋ ನಡೆಸುತ್ತಿರುವವರಿಗೆ ಉಪಯೋಗವಾಗಲಿ ಎಂದು ನಾವು ತಪ್ಪಿದ ಕಡೆಗಳನ್ನೂ ಸೇರಿಸಿಯೇ ಬರೆಯುತ್ತಿದ್ದೇನೆ.

ಹಿನ್ನೆಲೆ

ಗ್ರಂಥಾಲಯದಲ್ಲಿ ಜೂನ್‌ನಿಂದ ಮಾರ್ಚ್‌ವರೆಗೆ ಸಂಜೆ 6ರಿಂದ 9ರ ತನಕ ಹತ್ತನೇ ತರಗತಿಯ ಮಕ್ಕಳಿಗೆ ಓದಿನ ತರಗತಿ ನಡೆಯುತ್ತದೆ. ಬರುವವರೆಲ್ಲ ಕನ್ನಡ ಮಾಧ್ಯಮದವರು. ಮನೆಯಲ್ಲಿ ಕೆಲವರದು ತುಳು, ಕೆಲವರದು ಹವ್ಯಕ ಕನ್ನಡ, ಕೆಲವರದು ಮರಾಠಿ. ಪರೀಕ್ಷೆ ಮಾತ್ರ ಕನ್ನಡದಲ್ಲಿ. ಪಾಠದ ವಿಡಿಯೋ ಹುಡುಕಿದರೆ ಮಲಯಾಳದಲ್ಲಿ ಬೇಕಾದಷ್ಟು ಸಿಗುತ್ತದೆ, ಕನ್ನಡದಲ್ಲಿ ಬೆರಳೆಣಿಕೆಯಷ್ಟು. ಹಾಗಾಗಿ ಸಿಕ್ಕಿದ್ದನ್ನೆಲ್ಲ ಜೋಪಾನವಾಗಿ ಇಳಿಸಿಕೊಂಡು, ಪಠ್ಯಪುಸ್ತಕಗಳ ಪಿಡಿಎಫ್ ಜತೆಗೆ ಐದು ಲ್ಯಾಪ್‌ಟಾಪ್‌ಗಳಲ್ಲಿ ತುಂಬಿಸಿಟ್ಟಿದ್ದರು. ಐದೂ ದಾನವಾಗಿ ಬಂದವು, ಒಂದೇ ಮಾದರಿಯವು: 15.6 ಇಂಚಿನ ಪರದೆ, ಆರನೇ ತಲೆಮಾರಿನ ಇಂಟೆಲ್ ಐ3 ಪ್ರೊಸೆಸರ್, ವಿಂಡೋಸ್‌ನಂಥದ್ದೇ ಇನ್ನೊಂದು ವ್ಯವಸ್ಥೆಯಾದ ಲಿನಕ್ಸ್. ಹಳೆಯ ಹಾರ್ಡ್‌ಡಿಸ್ಕ್ ತೆಗೆದು ಎಸ್‌ಎಸ್‌ಡಿ (ತಿರುಗುವ ತಟ್ಟೆಯಿಲ್ಲದೆ ಚಿಪ್‌ನಲ್ಲೇ ಕಡತ ಇಡುವ ಡಿಸ್ಕ್) ಹಾಕಿಸಿ ಎರಡು ವರ್ಷವಾಗಿತ್ತು.

ತೊಂದರೆ ಮಳೆಗಾಲದ್ದು. ನಮ್ಮ ಕಡೆ ವಿದ್ಯುತ್ ಲೈನು ಅಡಿಕೆ ತೋಟಗಳ ನಡುವೆಯೇ ಹೋಗುತ್ತದೆ. ಗಾಳಿ ಮಳೆಗೆ ಒಂದು ಮರ ವಾಲಿದರೆ ಸಾಕು, ಕರೆಂಟು ಹೋಯಿತು. ಕತ್ತಲಲ್ಲಿ ಲೈನು ಸರಿಮಾಡುವವರು ಗುಡ್ಡ ಹತ್ತಿ ಬರಬೇಕು, ಆ ಕಷ್ಟ ಎಲ್ಲರಿಗೂ ಗೊತ್ತುಂಟು. ಚಾರ್ಜ್ ಮಾಡಬಹುದಾದ ದೀಪಗಳು ಇದ್ದ ಕಾರಣ ತರಗತಿ ನಿಲ್ಲುತ್ತಿರಲಿಲ್ಲ, ಆದರೆ ಲ್ಯಾಪ್‌ಟಾಪ್‌ಗಳು ಒಂದೂವರೆ ಗಂಟೆಯಲ್ಲಿ ಒಂದೊಂದಾಗಿ ಆರುತ್ತಿದ್ದವು. ಗ್ರಂಥಾಲಯ ನೋಡಿಕೊಳ್ಳುವ ನಿವೃತ್ತ ಟೀಚರ್ ನನಗೆ ಪ್ರೈಮರಿಯಲ್ಲಿ ಕಲಿಸಿದವರು. ಒಂದು ದಿನ ಫೋನ್ ಮಾಡಿ, "ಎಂತ ಮಾರಾಯ, ನೀನು ಕಂಪ್ಯೂಟರಿನದ್ದೇ ಕೆಲಸ ಮಾಡುವುದಲ್ವಾ, ಒಮ್ಮೆ ಬಂದು ನೋಡು" ಎಂದರು. ಸಮಿತಿಯವರು ಅಷ್ಟರಲ್ಲಿ ಇನ್ವರ್ಟರ್, ಬ್ಯಾಟರಿ, ವಯರಿಂಗ್ ಎಲ್ಲ ಸೇರಿ 32,000 ರೂಪಾಯಿಯ ಲೆಕ್ಕ ಹಾಕಿಸಿ ಆಗಿತ್ತು. ಆ ದುಡ್ಡು ಬಂದದ್ದು ಊರವರು ನೂರು ಇನ್ನೂರು ಕೊಟ್ಟು. ಒಂದು ತಿಂಗಳು ತಡೆಯಿರಿ ಎಂದು ಕೇಳಿಕೊಂಡೆ. ಅವರು ಒಪ್ಪಿದರು.

ಮೊದಲು ಗುರಿ

ನನ್ನ ಉದ್ಯೋಗ ಎಂಬೆಡೆಡ್ ಸಾಫ್ಟ್‌ವೇರ್‌ನದು, ಅಂದರೆ ಯಂತ್ರಗಳ ಒಳಗೇ ಓಡುವ ಸಾಫ್ಟ್‌ವೇರ್ ಬರೆಯುವುದು. ವಿದ್ಯುತ್ ಉಳಿಸುವ ಕೆಲಸದಲ್ಲಿ 'ಆದಷ್ಟು ಕಡಿಮೆ ಮಾಡೋಣ' ಎಂದು ಹೊರಟರೆ ಎಲ್ಲಿ ನಿಲ್ಲಬೇಕೆಂದು ಗೊತ್ತಾಗುವುದಿಲ್ಲ. ಆದ್ದರಿಂದ ಮೊದಲ ದಿನ ಯಾವ ಸೆಟ್ಟಿಂಗನ್ನೂ ಮುಟ್ಟದೆ ಬರೇ ಅಳೆದೆವು. ಹೊರಗಿನ ಮೀಟರ್ ಬೇಕಾಗಿಲ್ಲ. ಬ್ಯಾಟರಿಯೊಳಗೇ ಒಂದು ಮಾಪಕ ಇರುತ್ತದೆ. ಹೊಸದಿದ್ದಾಗ ಎಷ್ಟು ಶಕ್ತಿ ಹಿಡಿಯುತ್ತಿತ್ತು, ಈಗ ಎಷ್ಟು ಹಿಡಿಯುತ್ತದೆ, ಈ ಕ್ಷಣ ಎಷ್ಟು ವಾಟ್ ಹೋಗುತ್ತಿದೆ ಎಂಬುದನ್ನು ಲಿನಕ್ಸ್ ಅದರಿಂದ ಓದಿ ತೋರಿಸುತ್ತದೆ. ಚಾರ್ಜರ್ ತೆಗೆದು, ಐದು ನಿಮಿಷ ಸುಮ್ಮನೆ ಬಿಟ್ಟು, ಆಮೇಲೆ ಹತ್ತು ನಿಮಿಷ ಪ್ರತಿ ಹತ್ತು ಸೆಕೆಂಡಿಗೊಮ್ಮೆ ಬರೆದುಕೊಂಡು ಸರಾಸರಿ ತೆಗೆದೆವು. ಒಂದು ಅಳತೆಯನ್ನು ನಂಬದೆ ಮೂರು ಸಲ.

ಹೊಸದಿದ್ದಾಗ 41 ವಾಟ್-ಅವರ್ (ಒಂದು ವಾಟ್‌ನಂತೆ ಒಂದು ಗಂಟೆ ಎಳೆದರೆ ಹೋಗುವ ಶಕ್ತಿ ಒಂದು ವಾಟ್-ಅವರ್) ಹಿಡಿಯುತ್ತಿದ್ದ ಬ್ಯಾಟರಿಗಳು ಈಗ 24ರಿಂದ 26ರ ನಡುವೆ ಇದ್ದವು. ಒಂದು ಮಾತ್ರ 19ಕ್ಕೆ ಇಳಿದಿತ್ತು. ಕಾರಣ ಹುಡುಕುವುದು ಕಷ್ಟವಾಗಲಿಲ್ಲ: ಏಪ್ರಿಲ್-ಮೇ ತಿಂಗಳ ಸೆಕೆಯಲ್ಲಿ ಹಗಲೆಲ್ಲ ಚಾರ್ಜರ್ ಸಿಕ್ಕಿಸಿ ನೂರಕ್ಕೆ ನೂರು ತುಂಬಿಸಿಯೇ ಇಟ್ಟಿದ್ದರು. ಲಿಥಿಯಂ ಬ್ಯಾಟರಿಗೆ ಬಿಸಿಯೂ ಹಿಡಿಸುವುದಿಲ್ಲ, ಸದಾ ತುಂಬಿರುವುದೂ ಹಿಡಿಸುವುದಿಲ್ಲ. ಎರಡೂ ಸೇರಿದರೆ ಬೇಗ ಸೊರಗುತ್ತದೆ.

ನಾವು ಪ್ರಯೋಗಕ್ಕೆ ಆರಿಸಿಕೊಂಡ ಲ್ಯಾಪ್‌ಟಾಪ್‌ನಲ್ಲಿ 24.6 ವಾಟ್-ಅವರ್ ಇತ್ತು. ಸುಮ್ಮನೆ ತೆರೆದಿಟ್ಟಾಗಲೇ, ಯಾರೂ ಮುಟ್ಟದಿರುವಾಗ, 13.8 ವಾಟ್ ಎಳೆಯುತ್ತಿತ್ತು. ಮೂರು ಗಂಟೆ ಬರಬೇಕಾದರೆ 24.6ನ್ನು 3ರಿಂದ ಭಾಗಿಸಿ 8.2 ವಾಟ್. ಆ ಸಂಖ್ಯೆಯನ್ನು ಟೀಚರ್ ಕರಿಹಲಗೆಯ ಮೂಲೆಯಲ್ಲಿ ಬರೆದಿಟ್ಟರು. ಮುಂದಿನ ಒಂದು ತಿಂಗಳು ಅದನ್ನು ಯಾರೂ ಅಳಿಸಲಿಲ್ಲ.

ದಾರಿ ತಪ್ಪಿದ ಎರಡು ವಾರ

ಪರದೆಯ ಬೆಳಕು ಸುಲಭದ ಪಾಲು. ಪೂರ್ತಿ ಬೆಳಕಿನಿಂದ 40 ಶೇಕಡಕ್ಕೆ ಇಳಿಸಿದಾಗ 13.8 ಇದ್ದದ್ದು 11.2ಕ್ಕೆ ಬಂತು. ಕರೆಂಟು ಹೋದ ಕೋಣೆಯಲ್ಲಿ ಕಣ್ಣಿಗೂ ಅದೇ ಹಿತ.

ಆಮೇಲೆ ನಾನೇ ಒಂದು ತಪ್ಪು ಹೆಜ್ಜೆ ಇಟ್ಟೆ. ಪ್ರೊಸೆಸರ್ ನಿಧಾನವಾಗಿ ಓಡಿದರೆ ಕಡಿಮೆ ಕುಡಿಯುತ್ತದೆ ಎಂಬುದು ಎಲ್ಲರಿಗೂ ಸಹಜವಾಗಿ ಹೊಳೆಯುವ ವಿಚಾರ. ವೇಗದ ಜತೆ ವೋಲ್ಟೇಜೂ ಇಳಿಯುತ್ತದೆ, ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಖರ್ಚು ಇಳಿಯುತ್ತದೆ, ಸೂತ್ರವೂ ಅದನ್ನೇ ಹೇಳುತ್ತದೆ. ಪ್ರೊಸೆಸರನ್ನು 800 ಮೆಗಾಹರ್ಟ್ಸ್‌ಗೆ ಕಟ್ಟಿಹಾಕಿದೆ. ಸುಮ್ಮನಿರುವಾಗಿನ ಖರ್ಚು 11.2 ಇದ್ದದ್ದು 11.2 ಆಗಿಯೇ ಉಳಿಯಿತು. ಕೆಲಸವಿಲ್ಲದ ಪ್ರೊಸೆಸರ್ ಓಡುತ್ತಲೇ ಇರುವುದಿಲ್ಲ, ಇನ್ನು ಅದರ ವೇಗ ಇಳಿಸಿ ಏನು ಸಿಗಬೇಕು?

ಕೆಲಸ ಮಾಡುವಾಗ ಆದರೂ ಉಳಿಯುತ್ತದೆಯೇ ಎಂದು ನೋಡಲು ಸ್ಕ್ಯಾನ್ ಮಾಡಿದ ಒಂದು ದಪ್ಪ ಪಿಡಿಎಫ್ ಆರಿಸಿಕೊಂಡೆವು. ಸಾಮಾನ್ಯ ವೇಗದಲ್ಲಿ ಅದು ಪೂರ್ತಿ ತೆರೆದುಕೊಳ್ಳಲು 9 ಸೆಕೆಂಡು ತಗೊಂಡಿತು, ಆ ಹೊತ್ತಿನ ಖರ್ಚು 19 ವಾಟ್; ಎರಡನ್ನೂ ಗುಣಿಸಿದರೆ ಒಟ್ಟು ಶಕ್ತಿ 171 ಜೂಲ್. ಕಟ್ಟಿಹಾಕಿದ ವೇಗದಲ್ಲಿ 26 ಸೆಕೆಂಡು, 13.6 ವಾಟ್, 354 ಜೂಲ್. ಹೋಲಿಸಬೇಕಾದದ್ದು ಒಂದೇ ಅವಧಿಯನ್ನು. ಬೇಗ ಮುಗಿಸಿದ ಲ್ಯಾಪ್‌ಟಾಪ್ ಉಳಿದ 17 ಸೆಕೆಂಡು 11.2 ವಾಟ್‌ನಲ್ಲಿ ಸುಮ್ಮನಿತ್ತು, ಅದು 190 ಜೂಲ್. ಒಟ್ಟು 361. ಮಕ್ಕಳನ್ನು ಮೂರು ಪಟ್ಟು ಹೊತ್ತು ಕಾಯಿಸಿ ನಾವು ಉಳಿಸಿದ್ದು 7 ಜೂಲ್!

ಇದನ್ನು ಟೀಚರಿಗೆ ವಿವರಿಸುವಾಗ ನನಗೇ ಸ್ಪಷ್ಟವಾಯಿತು. ಗ್ಯಾಸ್‌ಲೈಟ್ ಹಚ್ಚಿಕೊಂಡು ರಾತ್ರಿ ಅಡಿಕೆ ಸುಲಿಯುವಾಗ ಕೈ ನಿಧಾನ ಮಾಡಿದರೆ ಸುಲಿಯುವವರಿಗೆ ದಣಿವು ಕಡಿಮೆ ಆದೀತು, ಆದರೆ ಲೈಟು ಅಷ್ಟು ಹೊತ್ತು ಉರಿಯುತ್ತದೆ. ಬೇಗ ಸುಲಿದು ಲೈಟು ನಂದಿಸಿದರೆ ಲಾಭ. ನಮ್ಮ ಲ್ಯಾಪ್‌ಟಾಪ್‌ನಲ್ಲಿ ಕೆಲಸ ಬೇಗ ಮುಗಿದರೂ ಲೈಟು ನಂದುತ್ತಿರಲಿಲ್ಲ. ಅಂದರೆ ಪ್ರಶ್ನೆ ವೇಗದ್ದಲ್ಲ, ಕೆಲಸ ಮುಗಿದ ಮೇಲೂ 11.2 ವಾಟ್ ಯಾಕೆ ಉರಿಯುತ್ತಿದೆ ಎಂಬುದು.

ಅದನ್ನು ಅಷ್ಟು ಸ್ಪಷ್ಟವಾಗಿ ಕೇಳಿಕೊಂಡ ಮೇಲೂ ಅವಸರ ಮಾಡಿದೆ. ಪವರ್‌ಟಾಪ್ ಎಂಬ ಸಾಫ್ಟ್‌ವೇರ್‌ನಲ್ಲಿ ವಿದ್ಯುತ್ ಉಳಿಸುವ ಎಲ್ಲ ಸೆಟ್ಟಿಂಗುಗಳನ್ನು ಒಂದೇ ಏಟಿಗೆ ಹಾಕುವ ಸೌಲಭ್ಯ ಉಂಟು. ಅದನ್ನು ಐದಕ್ಕೂ ಹಾಕಿಬಿಟ್ಟೆ. ಮರುದಿನ ಸಂಜೆ ಮಕ್ಕಳದ್ದು ಒಂದೇ ದೂರು: ಮೌಸ್ ಸಾಯುತ್ತದೆ. ಎರಡು ಸೆಕೆಂಡು ಕೈ ಬಿಟ್ಟರೆ ಯುಎಸ್‌ಬಿ ಮೌಸ್ ಮಲಗುತ್ತಿತ್ತು, ಒತ್ತಿದರೆ ಮಾತ್ರ ಏಳುತ್ತಿತ್ತು. ಖರ್ಚು ಇಳಿದದ್ದು ಯಾವ ಸೆಟ್ಟಿಂಗಿನಿಂದ, ಮೌಸ್ ಕೆಟ್ಟದ್ದು ಯಾವುದರಿಂದ ಎಂದು ಹೇಳುವುದು ನನ್ನಿಂದಾಗಲಿಲ್ಲ. ಎಲ್ಲವನ್ನೂ ಹಿಂದಕ್ಕೆ ತೆಗೆದೆ. ಇನ್ನು ಮುಂದೆ ಒಂದೇ ಲ್ಯಾಪ್‌ಟಾಪ್, ಒಂದು ಸಲಕ್ಕೆ ಒಂದೇ ಬದಲಾವಣೆ, ಮೂರು ಅಳತೆ ಎಂದು ನೋಟ್‌ಪುಸ್ತಕದ ಮೊದಲ ಪುಟದಲ್ಲಿ ಬರೆದುಕೊಂಡೆವು.

ತಿರುವು

ಪವರ್‌ಟಾಪ್ 2007ರಲ್ಲಿ ಇಂಟೆಲ್‌ನಿಂದ ಬಂದದ್ದು. ಅದೇ ವರ್ಷ ಲಿನಕ್ಸ್‌ನ ತಿರುಳಾದ ಕರ್ನಲ್‌ನ 2.6.21ನೇ ಆವೃತ್ತಿಯಲ್ಲಿ ಒಂದು ದೊಡ್ಡ ಬದಲಾವಣೆ ಆಗಿತ್ತು: ಕೆಲಸವಿದ್ದರೂ ಇಲ್ಲದಿದ್ದರೂ ಸೆಕೆಂಡಿಗೆ ನೂರಾರು ಸಲ ಪ್ರೊಸೆಸರನ್ನು ಎಬ್ಬಿಸುತ್ತಿದ್ದ ಟೈಮರ್ ಬಡಿತವನ್ನು, ಕೆಲಸವಿಲ್ಲದಾಗ ನಿಲ್ಲಿಸುವ ವ್ಯವಸ್ಥೆ. ಆ ಬಡಿತ ನಿಂತ ಮೇಲೆ, ಹಾಗಾದರೆ ಈಗ ಎಬ್ಬಿಸುತ್ತಿರುವವರು ಯಾರು ಎಂದು ತೋರಿಸುವುದಕ್ಕೆ ಪವರ್‌ಟಾಪ್ ಬೇಕಾಯಿತು. ಸೆಟ್ಟಿಂಗ್ ಹಾಕಿಕೊಡುವುದು ಅದರ ಬದಿಯ ಕೆಲಸ. ನಿಜವಾದ ಬೆಲೆ ಇರುವುದು ಅದರ ನಿದ್ದೆಯ ಪಟ್ಟಿಯಲ್ಲಿ. ನಾನು ಅದನ್ನು ಮೊದಲ ದಿನವೇ ತೆರೆಯಬೇಕಿತ್ತು.

ಪ್ರೊಸೆಸರಿನ ನಿದ್ದೆಗೆ ಮೆಟ್ಟಿಲುಗಳಿವೆ. ಸಿ0 ಅಂದರೆ ಎಚ್ಚರ. ಸಿ1, ಸಿ3, ಸಿ6 ಎಂದು ಇಳಿಯುತ್ತಾ ಹೋದಂತೆ ಒಂದೊಂದೇ ಭಾಗಕ್ಕೆ ವಿದ್ಯುತ್ ನಿಲ್ಲುತ್ತದೆ. ಈ ತಲೆಮಾರಿನಲ್ಲಿ ಸಿ10ರವರೆಗೆ ಉಂಟು. ಪ್ರತಿ ಕೋರ್ (ಚಿಪ್‌ನೊಳಗೆ ಲೆಕ್ಕ ಮಾಡುವ ಒಂದೊಂದು ಘಟಕ) ತಾನು ಮಲಗುವುದು ಬೇರೆ, ಇಡೀ ಚಿಪ್ ಮಲಗುವುದು ಬೇರೆ. ನಮ್ಮ ಪಟ್ಟಿಯಲ್ಲಿ ಕೋರ್‌ಗಳು ಸಿ7ರವರೆಗೆ ಇಳಿಯುತ್ತಿದ್ದವು, ಆದರೆ ಇಡೀ ಚಿಪ್ ಸಿ3ರ ಕೆಳಗೆ ಒಮ್ಮೆಯೂ ಹೋಗಿರಲಿಲ್ಲ. ಅಲ್ಲಿಂದ ಕೆಳಗೆ ಸಾಲಾಗಿ ಸೊನ್ನೆ. ಮನೆಮಂದಿಯೆಲ್ಲ ಮಲಗಿದ ಮೇಲೂ ಒಬ್ಬರು ಜಗಲಿಯಲ್ಲಿ ಕೂತಿದ್ದಾರೆಂದು ಬಾಗಿಲಿಗೆ ಚಿಲಕ ಹಾಕದೆ, ದೀಪ ಆರಿಸದೆ ಬಿಟ್ಟ ಹಾಗೆ.

ಜಗಲಿಯಲ್ಲಿ ಕೂತಿದ್ದದ್ದು ಎಸ್‌ಎಸ್‌ಡಿ. ಅದಕ್ಕೂ ಪ್ರೊಸೆಸರಿಗೂ ನಡುವೆ ದತ್ತಾಂಶ ಸಾಗಿಸುವ ಸಾಟಾ ಎಂಬ ಕೊಂಡಿ 'ಗರಿಷ್ಠ ಕಾರ್ಯಕ್ಷಮತೆ' ನೀತಿಯಲ್ಲಿ ಇತ್ತು. ಓದುವುದು ಬರೆಯುವುದು ಏನೂ ಇಲ್ಲದಾಗಲೂ ಆ ಕೊಂಡಿ ಎಚ್ಚರವಾಗಿಯೇ ಇರುತ್ತದೆ, ಅದು ಎಚ್ಚರವಿರುವಷ್ಟು ಹೊತ್ತು ಚಿಪ್ ಆಳಕ್ಕೆ ಇಳಿಯುವುದಿಲ್ಲ. ಇಲ್ಲಿ ಒಂದು ತೀರ್ಮಾನ ಬೇಕಾಯಿತು. ಅತಿ ಹೆಚ್ಚು ಉಳಿಸುವ 'ಕನಿಷ್ಠ ವಿದ್ಯುತ್' ನೀತಿ ಕೆಲವು ಡಿಸ್ಕ್‌ಗಳಲ್ಲಿ ದತ್ತಾಂಶ ಕೆಡಿಸಿದ್ದುಂಟು. ಬೇರೆ ಕಡೆ ಮತ್ತೆ ಸಿಗದ ಕನ್ನಡ ಪಾಠಗಳು ಆ ಡಿಸ್ಕಿನಲ್ಲಿ ಇರುವಾಗ ಅರ್ಧ ವಾಟ್ ಆಸೆಗೆ ಅದನ್ನು ಮುಟ್ಟುವುದು ಬೇಡ ಎಂದು ನಿಶ್ಚಯಿಸಿದೆವು. 2018ರ ಕರ್ನಲ್ 4.15ರಿಂದ ಒಂದು ನಡುವಿನ ನೀತಿ ಇದೆ, ಕೊಂಡಿ ಮಲಗುವಂತೆ ಮಾಡಿದರೂ ಅಷ್ಟು ಒರಟಲ್ಲ. ಎಲ್ಲ ಕಡತಗಳನ್ನು ಹೊರಗಿನ ಡಿಸ್ಕಿಗೆ ನಕಲು ಮಾಡಿ, ಆ ನೀತಿಯನ್ನು ಒಂದೇ ಲ್ಯಾಪ್‌ಟಾಪಿಗೆ ಹಾಕಿ, ಹತ್ತು ದಿನ ಬಳಸಿ, ಕಡತಗಳು ನಕಲಿಗೆ ಸರಿಹೊಂದುತ್ತವೆಯೇ ಎಂದು ತಾಳೆ ನೋಡಿದ ಮೇಲೆಯೇ ಉಳಿದ ನಾಲ್ಕಕ್ಕೆ ಹಾಕಿದ್ದು. 11.2ರಿಂದ 9.8ಕ್ಕೆ ಇಳಿಯಿತು. ಚಿಪ್ ಈಗ ಸಿ8ರವರೆಗೆ ಹೋಗುತ್ತಿತ್ತು. ಅದರ ಕೆಳಗಿನ ಎರಡು ಮೆಟ್ಟಿಲು ಇನ್ನೂ ಸೊನ್ನೆ.

ಆ ಎರಡು ಸೊನ್ನೆಗಳ ಕತೆಯೇ ನನಗೆ ಈ ಪ್ರಕರಣದಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು. ಎಬ್ಬಿಸುವವರ ಪಟ್ಟಿಯಲ್ಲಿ ಸೆಕೆಂಡಿಗೆ 340 ಸಲ ಎಬ್ಬಿಸಿದ್ದು ಕಂಡಿತು, ಅದರಲ್ಲಿ ಹತ್ತಿರ ಹತ್ತಿರ 200 ಸಲ ಪೈಥಾನ್ ಭಾಷೆಯಲ್ಲಿ ಬರೆದ ಒಂದೇ ಕಾರ್ಯಕ್ರಮದ್ದು. ಪುಸ್ತಕ ಕೊಡುವ ತೆಗೆದುಕೊಳ್ಳುವ ಲೆಕ್ಕಕ್ಕೆ ಊರಿನದೇ ಒಬ್ಬ ಹುಡುಗ, ಡಿಪ್ಲೊಮಾ ಓದುತ್ತಿರುವವ, ಬರೆದುಕೊಟ್ಟದ್ದು. ಬಾರ್‌ಕೋಡ್ ಸ್ಕ್ಯಾನರಿನಿಂದ ಏನಾದರೂ ಬಂತೇ ಎಂದು ಅದು ಪ್ರತಿ 5 ಮಿಲಿಸೆಕೆಂಡಿಗೊಮ್ಮೆ ಎದ್ದು ನೋಡುತ್ತಿತ್ತು. ಸ್ಕ್ಯಾನರ್ ಇರುವುದು ಒಂದೇ. ಒಂದು ಲ್ಯಾಪ್‌ಟಾಪ್ ಸಿದ್ಧಮಾಡಿ ಅದರ ಪ್ರತಿಯನ್ನೇ ಉಳಿದವುಗಳಿಗೆ ಹಾಕಿದ ಕಾರಣ ಐದರಲ್ಲೂ ಅದು ಓಡುತ್ತಿತ್ತು.

5 ಮಿಲಿಸೆಕೆಂಡು ಅಂದರೆ ಮನುಷ್ಯರ ಲೆಕ್ಕದಲ್ಲಿ ಏನೂ ಅಲ್ಲ. ಆದರೆ ಆಳದ ನಿದ್ದೆಗೆ ಹೋಗಿ ಬರುವುದಕ್ಕೂ ಖರ್ಚುಂಟು, ಆದ್ದರಿಂದ ಪ್ರತಿ ಮೆಟ್ಟಿಲಿಗೂ 'ಇಷ್ಟು ಹೊತ್ತಾದರೂ ಮಲಗಿದರೆ ಮಾತ್ರ ಲಾಭ' ಎಂಬ ಒಂದು ಕನಿಷ್ಠ ಅವಧಿ ಇರುತ್ತದೆ. ಈ ತಲೆಮಾರಿನ ಚಿಪ್‌ಗೆ ಲಿನಕ್ಸ್ ಇಟ್ಟುಕೊಂಡಿರುವ ಕೋಷ್ಟಕದಲ್ಲಿ ಸಿ8ಕ್ಕೆ 800 ಮೈಕ್ರೋಸೆಕೆಂಡು, ಸಿ9 ಮತ್ತು ಸಿ10ಕ್ಕೆ 5,000 ಮೈಕ್ರೋಸೆಕೆಂಡು. 5,000 ಮೈಕ್ರೋಸೆಕೆಂಡು ಅಂದರೆ ಸರಿಯಾಗಿ 5 ಮಿಲಿಸೆಕೆಂಡು. ಆ ಹುಡುಗ ಯಾವುದೋ ಒಂದು ಚಿಕ್ಕ ಸಂಖ್ಯೆ ಇರಲಿ ಎಂದು ಹಾಕಿದ 5, ಆಳದ ನಿದ್ದೆಯ ಹೊಸ್ತಿಲಿನಲ್ಲೇ ಹೋಗಿ ನಿಂತಿತ್ತು. ನಡುವೆ ಬೇರೆಯವರೂ ಎಬ್ಬಿಸುವುದರಿಂದ ಪೂರ್ತಿ 5 ಮಿಲಿಸೆಕೆಂಡು ಬಿಡುವು ಸಿಗುವುದೇ ಇಲ್ಲ; ಹಾಗಾಗಿ ಕರ್ನಲ್ ಆ ಮೆಟ್ಟಿಲನ್ನು ಆರಿಸುತ್ತಲೇ ಇರಲಿಲ್ಲ.

ಅವನಿಗೆ ಹೇಳುವುದು ಹೇಗೆ ಎಂದು ಟೀಚರ್ ಸ್ವಲ್ಪ ಅಳುಕಿದರು. ದುಡ್ಡು ತಗೊಳ್ಳದೆ, ಊರಿಗಾಗಿ ಮಾಡಿಕೊಟ್ಟ ಕೆಲಸ. ತಪ್ಪು ತೋರಿಸಿದಂತೆ ಆದರೆ ನಾಳೆಯಿಂದ ಬಾರದೆ ಇರಬಹುದು. ನಾನು ಅವನನ್ನು ಕರೆದು ಪಕ್ಕದಲ್ಲಿ ಕೂರಿಸಿ, ಏನೂ ಹೇಳದೆ ಆ ಪಟ್ಟಿ ತೆರೆದಿಟ್ಟೆ. ಒಂದು ನಿಮಿಷ ನೋಡಿದ. "ಅಣ್ಣ, ಇದು ನನ್ನದೇ ಅಲ್ವಾ?" ಎಂದ. ಹೌದೆಂದೆ. ಸ್ಕ್ಯಾನರ್ ತಡವಾಗಿ ಓದಬಾರದು ಎಂಬ ಕಾಳಜಿಯಿಂದ ಆ ಸಂಖ್ಯೆಯನ್ನು ಅಷ್ಟು ಚಿಕ್ಕದು ಮಾಡಿದ್ದನಂತೆ. ಪದೇ ಪದೇ ಹೋಗಿ ಕೇಳುವ ಬದಲು, ದತ್ತಾಂಶ ಬಂದಾಗ ಎಬ್ಬಿಸು ಎಂದು ಕರ್ನಲ್‌ಗೆ ಹೇಳಿ ಮಲಗುವ ಕ್ರಮ ಇದೆ ಎಂದು ತೋರಿಸಿದೆ. ಅವನೇ ಕೂತು ಬರೆದ. ಹನ್ನೊಂದು ಸಾಲು ಹೋಗಿ ನಾಲ್ಕು ಸಾಲು ಉಳಿಯಿತು, ಮತ್ತು ಸ್ಕ್ಯಾನರ್ ಮೊದಲಿಗಿಂತ ಚುರುಕಾಗಿಯೇ ಓದಿತು. ಕೌಂಟರಿನದ್ದು ಬಿಟ್ಟು ಉಳಿದ ನಾಲ್ಕರಿಂದ ಕಾರ್ಯಕ್ರಮವನ್ನೇ ತೆಗೆದೆವು. ಎಬ್ಬಿಸುವುದು ಸೆಕೆಂಡಿಗೆ 90 ಸಲಕ್ಕೆ ಇಳಿಯಿತು; ಖರ್ಚು 7.9 ವಾಟ್. ಬ್ಲೂಟೂತ್ ನಿಲ್ಲಿಸಿ, ಧ್ವನಿಯ ಚಿಪ್ ಸುಮ್ಮನಿರುವಾಗ ಮಲಗುವಂತೆ ಮಾಡಿ, ಯಾರೂ ಬಳಸದ ಕ್ಯಾಮೆರಾವನ್ನು ಬಯೋಸ್‌ನಲ್ಲೇ (ಲಿನಕ್ಸ್‌ಗಿಂತ ಮೊದಲೇ ಏಳುವ, ಯಂತ್ರದ ಮೂಲ ಸೆಟ್ಟಿಂಗುಗಳ ಜಾಗ) ಮುಚ್ಚಿದ ಮೇಲೆ 7.1.

ಈಗ ಪಿಡಿಎಫ್ ಪರೀಕ್ಷೆಯನ್ನು ಮತ್ತೆ ಮಾಡಿದೆವು. ವೇಗವಾಗಿ ಮುಗಿಸಿ ಮಲಗಿದ್ದಕ್ಕೆ 26 ಸೆಕೆಂಡಿಗೆ 292 ಜೂಲ್. ವೇಗ ಕಟ್ಟಿಹಾಕಿದಾಗ 331. ಎರಡು ವಾರದ ಹಿಂದೆ ಸಮಬಲವಾಗಿದ್ದ ಉಪಾಯ ಈಗ ನೇರ ನಷ್ಟದ್ದಾಗಿತ್ತು. ಬೇಗ ಮುಗಿಸಿ ಮಲಗುವುದು ಲಾಭವಾಗುವುದು ನಿದ್ದೆ ನಿಜವಾಗಿ ಆಳವಾಗಿದ್ದರೆ ಮಾತ್ರ ಎಂಬುದು ನಮ್ಮದೇ ಅಂಕಿಗಳಲ್ಲಿ ಕಂಡಿತು.

ವಿಡಿಯೋ

ಉಳಿದದ್ದು ಪಾಠದ ವಿಡಿಯೋ. ಕೆಲವು ಕಡತಗಳು 17.4 ವಾಟ್ ಎಳೆಯುತ್ತಿದ್ದವು, ಕೆಲವು 10ರ ಆಸುಪಾಸು. ವ್ಯತ್ಯಾಸ ಇದ್ದದ್ದು ಕೋಡೆಕ್‌ನಲ್ಲಿ, ಅಂದರೆ ವಿಡಿಯೋವನ್ನು ಕುಗ್ಗಿಸಿಡುವ ಕ್ರಮದಲ್ಲಿ. ಎಚ್.264 ಬಿಡಿಸುವುದಕ್ಕೆ ಈ ಚಿಪ್‌ನಲ್ಲಿ ಪ್ರತ್ಯೇಕ ಯಂತ್ರಾಂಶ ಉಂಟು. ವಿಪಿ9 ಎಂಬ ಇನ್ನೊಂದು ಕ್ರಮಕ್ಕೆ ಪೂರ್ಣ ಯಂತ್ರಾಂಶ ಬಂದದ್ದು ಏಳನೇ ತಲೆಮಾರಿನಿಂದ, ಹಾಗಾಗಿ ಅಂಥ ಕಡತ ಹಾಕಿದರೆ ಕೋರ್‌ಗಳೇ ಬೆವರಬೇಕು. ಮೇಲಾಗಿ ಪರದೆ ಇರುವುದು 1366×768 ಚುಕ್ಕೆಗಳದ್ದು, ಕಡತಗಳು 1080 ಸಾಲಿನವು. ಕಾಣದ ಚುಕ್ಕೆಗಳನ್ನೆಲ್ಲ ಬಿಡಿಸಿ ಮತ್ತೆ ಕುಗ್ಗಿಸಿ ತೋರಿಸುವ ಕೆಲಸ. ಹಗಲಿನಲ್ಲಿ, ಕರೆಂಟು ಇರುವಾಗ, ಎಲ್ಲವನ್ನೂ 720ರ ಎಚ್.264ಕ್ಕೆ ಒಮ್ಮೆ ಪರಿವರ್ತಿಸಿ ಇಟ್ಟೆವು, ಆಡಿಸುವಾಗ 10.1 ವಾಟ್. ಮೂಲ ಕಡತಗಳನ್ನು ಅಳಿಸಲಿಲ್ಲ, ಹೊರಗಿನ ಡಿಸ್ಕಿನಲ್ಲಿವೆ.

ಏನಾಯಿತು

ನಿಜವಾದ ತರಗತಿಯಂತೆ ಓದು, ಬರಹ, ವಿಡಿಯೋ ಎಲ್ಲ ಸೇರಿಸಿ ನಡೆಸಿದಾಗ ಸರಾಸರಿ 8.6 ವಾಟ್ ಬಂತು. ಹಲಗೆಯ ಮೇಲಿನ 8.2 ಮುಟ್ಟಲಿಲ್ಲ. 24.6 ವಾಟ್-ಅವರ್‌ಗೆ ಅದು 2 ಗಂಟೆ 51 ನಿಮಿಷ. 19ಕ್ಕೆ ಇಳಿದಿದ್ದ ಬ್ಯಾಟರಿಯದ್ದು 2 ಗಂಟೆ 12 ನಿಮಿಷ. ಇನ್ನೂ ಒಂಬತ್ತು ನಿಮಿಷಕ್ಕಾಗಿ ಪರದೆಯನ್ನು ಇನ್ನಷ್ಟು ಮಂಕು ಮಾಡಬಹುದಿತ್ತು. ಟೀಚರ್ ಬೇಡವೆಂದರು: "ಒತ್ತಕ್ಷರ ಕಾಣದಿದ್ದರೆ ಮಕ್ಕಳು ಓದುವುದೆಂತದು?" ಅವರು ಹೇಳಿದ್ದು ಸರಿ. ಕನ್ನಡದ ಒತ್ತು, ದೀರ್ಘ ಎಲ್ಲ ಸಣ್ಣ ಗೆರೆಗಳಲ್ಲೇ ಇರುವುದು. 40ರಲ್ಲೇ ನಿಲ್ಲಿಸಿದೆವು.

ಆಟಿ ತಿಂಗಳ (ತುಳುವರ ಲೆಕ್ಕದಲ್ಲಿ ಜುಲೈ-ಆಗಸ್ಟ್) ಒಂದು ಸಂಜೆ 6 ಗಂಟೆ 20 ನಿಮಿಷಕ್ಕೆ ಕರೆಂಟು ಹೋಯಿತು. ಮಳೆ ಹಂಚಿನ ಮೇಲೆ ಹೊಯ್ಯುತ್ತಿತ್ತು, ಟೀಚರಿನ ಸ್ವರ ಕೇಳದೆ ಮಕ್ಕಳು ಬೆಂಚು ಹತ್ತಿರ ಎಳೆದುಕೊಂಡರು. ಎಂಟೂವರೆಗೆ ಆ ದುರ್ಬಲ ಲ್ಯಾಪ್‌ಟಾಪ್ ಆರಿತು. ಉಳಿದ ನಾಲ್ಕು 9ಕ್ಕೆ ಪಾಠ ಮುಗಿಯುವಾಗಲೂ ಉರಿಯುತ್ತಿದ್ದವು. ಇನ್ವರ್ಟರ್ ಕೊಳ್ಳುವುದು ಬೇಡವೆಂದು ಸಮಿತಿ ಮುಂದಿನ ಸಭೆಯಲ್ಲಿ ತೀರ್ಮಾನಿಸಿತು; ಐದನೆಯದಕ್ಕೆ ಹೊಸ ಬ್ಯಾಟರಿ ಮಾತ್ರ ತರಿಸಿದರು. ಈಗ ಚಾರ್ಜರ್ ಸಿಕ್ಕಿಸುವುದು ಸಂಜೆ 4ರಿಂದ 6ರವರೆಗೆ ಮಾತ್ರ, ರಜೆಯಲ್ಲಿ ಅರ್ಧ ತುಂಬಿಸಿ ಆರಿಸಿ ಇಡುತ್ತಾರೆ.

ಇದನ್ನು ಬೇರೆ ಕಡೆ ಮಾಡುವವರಿಗೆ ನನ್ನ ಸಲಹೆ ಏನೆಂದರೆ, ಬ್ಯಾಟರಿಯಲ್ಲಿ ಉಳಿದ ಶಕ್ತಿಯನ್ನು ಬೇಕಾದ ಗಂಟೆಗಳಿಂದ ಭಾಗಿಸಿ, ಬಂದ ವಾಟ್ 5ಕ್ಕಿಂತ ಕೆಳಗಿದ್ದರೆ ಇಂಥ ಲ್ಯಾಪ್‌ಟಾಪ್‌ಗಳಲ್ಲಿ ಸೆಟ್ಟಿಂಗಿನ ಹಿಂದೆ ಹೋಗಬೇಡಿ, ಬ್ಯಾಟರಿಯನ್ನೇ ಬದಲಿಸಿ. ಅದಕ್ಕಿಂತ ಮೇಲಿದ್ದರೆ ಮೊದಲು ನಿದ್ದೆಯ ಪಟ್ಟಿ ನೋಡಿ, ವೇಗದ ವಿಚಾರ ಕೊನೆಗೆ ಇರಲಿ. ನಾನು ಈ ಎರಡನ್ನು ಹಿಂದುಮುಂದು ಮಾಡಿದ್ದಕ್ಕೆ ಮಳೆಗಾಲದ ಎರಡು ವಾರ ಮಕ್ಕಳದ್ದು ಹೋಯಿತು, ಆ ಬೇಸರ ನನಗೆ ಈಗಲೂ ಇದೆ. ಮತ್ತೆ, ಒಂದರ ಪ್ರತಿಯನ್ನು ಎಲ್ಲಕ್ಕೂ ಹಾಕುವ ಮೊದಲು ಅದರಲ್ಲಿ ಏನೇನು ಓಡುತ್ತಿದೆ ಎಂದು ಒಮ್ಮೆ ನೋಡಿಕೊಳ್ಳಿ.

ಆಟಿ ಕಳೆದು ಸೋಣ ತಿಂಗಳಲ್ಲಿ ಆ ಡಿಪ್ಲೊಮಾ ಹುಡುಗ ಫೋನ್ ಮಾಡಿದ. "ಅಣ್ಣ, ಪರದೆಯ ಮೇಲಿನ ಗಡಿಯಾರ ಸೆಕೆಂಡು ತೋರಿಸ್ತಾ ಉಂಟು. ಪ್ರತಿ ಸೆಕೆಂಡಿಗೆ ಪರದೆ ಪುನಃ ಬರೀಬೇಕಾಗ್ತದೆ. ತೆಗೀಲಾ?" ಎಂದ. ಮೊದಲು ಅಳೆದು ನೋಡು ಎಂದೆ. ಅಳೆದು ಆಗಿತ್ತಂತೆ: ಹತ್ತು ಹತ್ತು ನಿಮಿಷ, ಮೂರು ಸಲ, 0.2 ವಾಟ್.